ಕ್ಲಬ್ಬಿನ ಪಟ್ಟಿಯಿಂದ ಹೆಸರು ಹೋದಾಗ

ಪುಣೆಯಲ್ಲಿ ನಾವೊಂದಷ್ಟು ಜನ ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಫುಟ್‌ಬಾಲ್ ಆಡುತ್ತೇವೆ. ಬಾನೇರ್ ಕಡೆಯ ಒಂದು ಬಾಡಿಗೆ ಟರ್ಫ್. ಗಂಟೆಗಿಷ್ಟು ಎಂದು ದುಡ್ಡು, ಬಂದವರ ತಲೆಗೆ ಸಮನಾಗಿ ಹಂಚಿಕೆ. ಶನಿವಾರ ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬೊಬ್ಬರೇ ತಮ್ಮ ಹೆಸರು ಸೇರಿಸುತ್ತಾ ಹೋಗುತ್ತಾರೆ. ಹನ್ನೆರಡು ಹೆಸರಾದರೆ ಆರಾರು ಜನರ ಎರಡು ತಂಡ. ಊರು ಬಿಟ್ಟು ಬಂದವರಿಗೆ ಇಂಥ ಪಟ್ಟಿಯಲ್ಲಿ ಹೆಸರಿರುವುದು ಎಷ್ಟು ದೊಡ್ಡ ಸಮಾಧಾನ ಎಂದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಗುಂಪಿನಲ್ಲಿ ಇಂಫಾಲದ ಹುಡುಗನೊಬ್ಬನಿದ್ದ. ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ. ಅವನನ್ನು ಯಾರೋ ಒಮ್ಮೆ 'ಮೋಮೋ' ಎಂದರು, ಆಮೇಲೆ ಎಲ್ಲರೂ ಹಾಗೇ ಕರೆದರು. ನನ್ನನ್ನು 'ಇಡ್ಲಿ' ಎನ್ನುತ್ತಿದ್ದರು, ನಾನು ನಗುತ್ತಿದ್ದೆ. ನಾನು ನಕ್ಕಿದ್ದರಿಂದ ಅವನೂ ನಗಬೇಕೆಂದು ನನಗೆ ಗೊತ್ತಿಲ್ಲದೆಯೇ ತೀರ್ಮಾನ ಮಾಡಿಕೊಂಡಿದ್ದೆ. ಒಂದು ಶನಿವಾರ ಅವನು ಇನ್ನು ಬರಲಾಗುವುದಿಲ್ಲ, ಇಷ್ಟು ದಿನ ಆಡಿಸಿದ್ದಕ್ಕೆ ಥ್ಯಾಂಕ್ಸ್ ಎಂದು ಎರಡು ಸಾಲು ಬರೆದು ಗುಂಪು ಬಿಟ್ಟ. ಯಾರೋ ಅದರ ಕೆಳಗೆ ಮತ್ತೊಂದು ತಮಾಷೆ ಹಾಕಿದರು. ಅದಕ್ಕೆ ನಾನೂ ಒಂದು ನಗುವ ಮುಖ ಒತ್ತಿದೆ. ಮುಂದಿನ ಭಾನುವಾರ ಹನ್ನೆರಡನೆಯವನು ಇನ್ನೊಬ್ಬ ಸಿಕ್ಕಿದ. ಅಲ್ಲಿಗೆ ಮುಗಿಯಿತು.

ಅದು ಮತ್ತೆ ನೆನಪಾಗಿದ್ದು ಕೆಲವು ತಿಂಗಳ ಮೇಲೆ, ಸಂಬಂಧವೇ ಇಲ್ಲದ ಒಂದು ಕಾರಣಕ್ಕೆ. ಆಫೀಸಿನ ಕ್ವಿಜ್‌ಗೆ ಪ್ರಶ್ನೆ ತಯಾರಿಸುತ್ತಿದ್ದೆ. ಜರ್ಮನಿಯ ಪರವಾಗಿ ಒಂದೇ ಪಂದ್ಯದಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಯಾರು? ಗೆರ್ಡ್ ಮುಲ್ಲರ್ ಅಥವಾ ಕ್ಲೋಸೆ ಇರಬೇಕು ಎಂದುಕೊಂಡಿದ್ದೆ. ಅಲ್ಲ. ಆ ದಾಖಲೆ ಇಂದಿಗೂ ಗಾಟ್‌ಫ್ರೀಡ್ ಫುಕ್ಸ್ ಎಂಬುವನ ಹೆಸರಿನಲ್ಲಿದೆ. 1912ರ ಜುಲೈ 1ರಂದು ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ರಷ್ಯಾವನ್ನು ಜರ್ಮನಿ 16-0ರಿಂದ ಸೋಲಿಸಿದಾಗ ಆತನೊಬ್ಬನೇ ಹತ್ತು ಗೋಲು ಹೊಡೆದಿದ್ದ. ಹತ್ತು ಗೋಲು ಹೊಡೆದವನ ಹೆಸರು ನಾನೇಕೆ ಕೇಳಿಲ್ಲ ಎಂಬ ಕುತೂಹಲದಿಂದ ಹುಡುಕುತ್ತಾ ಹೋದೆ. ಫುಕ್ಸ್ ಯಹೂದಿ. ಅದೇ ಕ್ಲಬ್ಬಿನಲ್ಲಿ ಅವನ ಪಕ್ಕದಲ್ಲೇ ಆಡುತ್ತಿದ್ದ ಯೂಲಿಯಸ್ ಹಿರ್ಷ್ ಕೂಡ ಯಹೂದಿ. ಆ ಕಾಲದಲ್ಲಿ ಜರ್ಮನಿಯ ರಾಷ್ಟ್ರೀಯ ತಂಡಕ್ಕೆ ಆಡಿದ ಯಹೂದಿಗಳು ಇವರಿಬ್ಬರೇ. ಈ ಲೇಖನ ಮುಖ್ಯವಾಗಿ ಎರಡನೆಯವನ ಬಗ್ಗೆ.

ಹಿರ್ಷ್ ಹುಟ್ಟಿದ್ದು 1892ರ ಏಪ್ರಿಲ್ 7ರಂದು, ಜರ್ಮನಿಯ ನೈರುತ್ಯದ ಆಖರ್ನ್ ಎಂಬ ಊರಿನಲ್ಲಿ. ಹತ್ತನೆಯ ವಯಸ್ಸಿಗೆ, 1902ರಲ್ಲಿ, ಹತ್ತಿರದ ಕಾರ್ಲ್ಸ್‌ರೂಹೆ ನಗರದ ಫುಟ್‌ಬಾಲ್ ಕ್ಲಬ್ ಸೇರಿದ. ಆ ಕ್ಲಬ್ಬಿನ ಹುಟ್ಟಿನ ಕತೆಯನ್ನೂ ಇಲ್ಲೇ ಹೇಳಬೇಕು. ಫುಟ್‌ಬಾಲ್ ಆಗಿನ್ನೂ ಜರ್ಮನಿಗೆ ಹೊಸದು. ಅದು ಇಂಗ್ಲಿಷರ ಆಟ, ನಮಗೆ ಕವಾಯತು ಮತ್ತು ಅಂಗಸಾಧನೆಯೇ ಸರಿ ಎಂದು ಮೇಷ್ಟ್ರುಗಳು ಗದರುತ್ತಿದ್ದ ಕಾಲ. ಆಗ ಶಾಲಾ ಹುಡುಗರನ್ನು ಸೇರಿಸಿಕೊಂಡು ದಕ್ಷಿಣ ಜರ್ಮನಿಯ ಊರೂರಲ್ಲಿ ಕ್ಲಬ್ ಕಟ್ಟಿದವನು ವಾಲ್ಟರ್ ಬೆನ್ಸೆಮನ್, ಯಹೂದಿ ಮನೆತನದ ಹುಡುಗ. 1891ರಲ್ಲಿ ಕಾರ್ಲ್ಸ್‌ರೂಹೆ ಕ್ಲಬ್ ಶುರುವಾಗಿದ್ದು ಅವನಿಂದ. ದೇಶ ದೇಶಗಳ ನಡುವೆ ಸ್ನೇಹ ಬೆಳೆಸಲು ಫುಟ್‌ಬಾಲ್‌ಗಿಂತ ಒಳ್ಳೆಯ ದಾರಿಯಿಲ್ಲ ಎಂದು ನಂಬಿದ್ದ ಈತನೇ 1920ರಲ್ಲಿ 'ಕಿಕರ್' ಎಂಬ ಪತ್ರಿಕೆಯನ್ನೂ ಹೊರಡಿಸಿದ. ಕಿಕರ್ ಇಂದಿಗೂ ಜರ್ಮನಿಯ ಪ್ರಮುಖ ಫುಟ್‌ಬಾಲ್ ಪತ್ರಿಕೆ.

ಹೀಗೆ ಕಟ್ಟಿದ ಕ್ಲಬ್ಬಿನಲ್ಲಿ ಫೋರ್ಡರರ್, ಫುಕ್ಸ್, ಹಿರ್ಷ್ ಮೂವರು ಒಟ್ಟಾಗಿ ಮುಂಚೂಣಿಯಲ್ಲಿ ಆಡತೊಡಗಿದರು. 1910ರಲ್ಲಿ ಹೋಲ್‌ಸ್ಟೈನ್ ಕೀಲ್ ತಂಡವನ್ನು 1-0ರಿಂದ ಸೋಲಿಸಿ ಕಾರ್ಲ್ಸ್‌ರೂಹೆ ಜರ್ಮನಿಯ ಚಾಂಪಿಯನ್ ಆಯಿತು. 1911ರಲ್ಲಿ ಹಿರ್ಷ್ ರಾಷ್ಟ್ರೀಯ ತಂಡಕ್ಕೆ ಬಂದ. 1912ರ ಮಾರ್ಚ್ 24ರಂದು ನೆದರ್‌ಲೆಂಡ್ಸ್‌ನ ಜ್ವೊಲೆಯಲ್ಲಿ ನಡೆದ ಪಂದ್ಯ 5-5ರಲ್ಲಿ ಮುಗಿಯಿತು. ಜರ್ಮನಿಯ ಐದರಲ್ಲಿ ನಾಲ್ಕು ಗೋಲು ಹಿರ್ಷ್‌ನವು, ಉಳಿದೊಂದು ಫುಕ್ಸ್‌ನದು. ಮುಂದೆ ಫ್ಯೂರ್ತ್ ಎಂಬ ಊರಿನ ಕ್ಲಬ್ ಸೇರಿ 1914ರಲ್ಲಿ ಮತ್ತೊಮ್ಮೆ ಚಾಂಪಿಯನ್ ಆದ. ಅದೇ ವರ್ಷ ಮಹಾಯುದ್ಧ ಬಂತು. ಹಿರ್ಷ್ ನಾಲ್ಕು ವರ್ಷ ಜರ್ಮನ್ ಸೈನ್ಯದಲ್ಲಿದ್ದು ಪದಕ ಪಡೆದ. ಅವನ ಒಬ್ಬ ಸಹೋದರ ಅದೇ ಯುದ್ಧದಲ್ಲಿ ಸತ್ತ. ಯುದ್ಧ ಮುಗಿದ ಮೇಲೆ ಹಿರ್ಷ್ ಮತ್ತೆ ಕಾರ್ಲ್ಸ್‌ರೂಹೆಗೇ ಬಂದು, ತನ್ನ ಹಳೆಯ ಕ್ಲಬ್ಬಿನಲ್ಲೇ ಆಟ ಮುಗಿಸಿದ. ಆಮೇಲೂ ಸದಸ್ಯನಾಗಿ ಉಳಿದ.

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್ 7ರಂದು ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆಯುವ ಕಾನೂನು ಹೊರಬಿತ್ತು. ಅಂದು ಹಿರ್ಷ್‌ನ ನಲವತ್ತೊಂದನೆಯ ಹುಟ್ಟುಹಬ್ಬ. ಆದರೆ ನಾನು ಗಮನಿಸಬೇಕಾದ ಮಾತು ಬೇರೆಯಿತ್ತು. ಆ ಕಾನೂನು ಸರ್ಕಾರಿ ನೌಕರರ ಬಗ್ಗೆ. ಫುಟ್‌ಬಾಲ್ ಕ್ಲಬ್ಬುಗಳ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಎರಡೇ ದಿನಕ್ಕೆ, ಏಪ್ರಿಲ್ 9ರಂದು, ದಕ್ಷಿಣ ಜರ್ಮನಿಯ ಹದಿನಾಲ್ಕು ದೊಡ್ಡ ಕ್ಲಬ್ಬುಗಳು ಸ್ಟುಟ್‌ಗಾರ್ಟ್‌ನಲ್ಲಿ ಸೇರಿ ಒಂದು ಹೇಳಿಕೆಗೆ ಒಪ್ಪಿಗೆ ಹಾಕಿದವು. ಹೊಸ ರಾಷ್ಟ್ರೀಯ ಸರ್ಕಾರದೊಂದಿಗೆ ಸಂತೋಷದಿಂದ ಸಹಕರಿಸುತ್ತೇವೆ, ಅದರಲ್ಲೂ ಕ್ರೀಡಾ ಸಂಘಗಳಿಂದ ಯಹೂದಿಗಳನ್ನು ತೆಗೆಯುವ ವಿಷಯದಲ್ಲಿ ಸಹಕರಿಸುತ್ತೇವೆ ಎಂಬುದು ಅದರ ಸಾರಾಂಶ. ಬಾಯರ್ನ್ ಮ್ಯೂನಿಕ್, ಐನ್‌ಟ್ರಾಕ್ಟ್ ಫ್ರಾಂಕ್‌ಫರ್ಟ್, ನ್ಯೂರೆಂಬರ್ಗ್, ಫ್ಯೂರ್ತ್ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಹಿರ್ಷ್‌ನ ಕಾರ್ಲ್ಸ್‌ರೂಹೆಯೂ ಇತ್ತು. ಹತ್ತು ದಿನದ ಮೇಲೆ ಜರ್ಮನ್ ಫುಟ್‌ಬಾಲ್ ಸಂಸ್ಥೆಯೂ ಯಹೂದಿಗಳು ಮುಖ್ಯ ಹುದ್ದೆಗಳಲ್ಲಿ ಇರುವಂತಿಲ್ಲ ಎಂದು ಪ್ರಕಟಿಸಿತು.

ಯಾರೂ ಆಜ್ಞೆ ಮಾಡಿರಲಿಲ್ಲ ಎಂಬುದೇ ನನ್ನನ್ನು ಇಲ್ಲಿ ಹಿಡಿದು ನಿಲ್ಲಿಸಿತು. ಆ ಕ್ಲಬ್ಬುಗಳ ಸಮಿತಿಯಲ್ಲಿದ್ದವರೆಲ್ಲ ಕಂದುಬಣ್ಣದ ಅಂಗಿ ತೊಟ್ಟು ಬೀದಿಯಲ್ಲಿ ಹೊಡೆದಾಡುತ್ತಿದ್ದವರಲ್ಲ. ವ್ಯಾಪಾರಿಗಳು, ಗುಮಾಸ್ತರು, ಮೇಷ್ಟ್ರುಗಳು. ವಾರಕ್ಕೊಮ್ಮೆ ಸೇರಿ ಮೈದಾನದ ಬಾಡಿಗೆ, ಹುಡುಗರ ಬೂಟು ಎಂದು ಲೆಕ್ಕ ನೋಡುವವರು. ಯಹೂದಿ ಸದಸ್ಯರು ಅವರಿಗೆ ಅಪರಿಚಿತರೂ ಅಲ್ಲ. ಖಜಾಂಚಿಗಳು, ವೈದ್ಯರು, ಹಳೆಯ ಆಟಗಾರರು, ಕಷ್ಟಕಾಲದಲ್ಲಿ ಕೈಯಿಂದ ದುಡ್ಡು ಹಾಕಿದವರು. ಹೊಸ ಸರ್ಕಾರದ ಕಣ್ಣಿಗೆ ಒಳ್ಳೆಯವರಾಗಬೇಕು, ಪಕ್ಕದ ಕ್ಲಬ್ ನಮಗಿಂತ ಮೊದಲು ಸಹಿ ಹಾಕಿಬಿಟ್ಟರೆ ಎಂಬ ಭಯ ಬೇರೆ. ಕೆಲವರಿಗೆ ಮನಸ್ಸಿನಲ್ಲಿ ಮೊದಲೇ ಇದ್ದ ಅಸಹನೆಗೆ ಈಗ ಬಾಗಿಲು ತೆರೆದಿತ್ತು. ಇಷ್ಟು ಸಾಕಾಯಿತು.

ಏಪ್ರಿಲ್ 10ರಂದು ಹಿರ್ಷ್ ಈ ಸುದ್ದಿಯನ್ನು ಕ್ರೀಡಾಪತ್ರಿಕೆಯಲ್ಲಿ ಓದಿದ. ಕ್ಲಬ್ಬಿನಿಂದ ಒಬ್ಬರೂ ಬಂದು ಹೇಳಿರಲಿಲ್ಲ. ತನ್ನನ್ನು ತೆಗೆಯುವವರೆಗೆ ಅವನು ಕಾಯಲಿಲ್ಲ. ಅಂದೇ ಕೂತು ಪತ್ರ ಬರೆದ. ಆ ಪತ್ರ ಉಳಿದಿದೆ. 1902ರಿಂದ ಸದಸ್ಯನಾಗಿರುವ ಪ್ರೀತಿಯ ಕ್ಲಬ್ಬಿಗೆ ಭಾರವಾದ ಹೃದಯದಿಂದ ರಾಜೀನಾಮೆ ಕೊಡುತ್ತಿದ್ದೇನೆ ಎಂದು ಅದರಲ್ಲಿ ಹೇಳುತ್ತಾನೆ. ಇಂದು ಎಲ್ಲರೂ ದ್ವೇಷಿಸುವ ಈ ಜನರಲ್ಲಿಯೂ ಮರ್ಯಾದಸ್ಥರಿದ್ದಾರೆ, ದೇಶವನ್ನು ಪ್ರೀತಿಸಿ ಅದನ್ನು ಕೆಲಸದಲ್ಲಿ, ರಕ್ತ ಸುರಿಸಿ ತೋರಿಸಿದವರಿದ್ದಾರೆ ಎಂದು ನೆನಪಿಸುತ್ತಾನೆ. ಬೈಗುಳವಿಲ್ಲ, ಶಾಪವಿಲ್ಲ. ತನ್ನ ನಾಲ್ಕು ಗೋಲುಗಳ ಮಾತಿಲ್ಲ.

ಆ ಪತ್ರದ ವಿಷಯ ಓದುವಾಗಲೇ ನನಗೆ ಇಂಫಾಲದ ಹುಡುಗನ ಎರಡು ಸಾಲು ನೆನಪಾದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಹಿರ್ಷ್‌ನಿಗೆ ಮುಂದೆ ಆದದ್ದನ್ನು ಹೇಳಿದರೆ ಅಂಥ ಹೋಲಿಕೆ ಎಷ್ಟು ಅಸಭ್ಯ ಎಂದು ತಾನಾಗಿಯೇ ತಿಳಿಯುತ್ತದೆ. ನನಗೆ ಕಂಡ ಸಾಮ್ಯ ಇಷ್ಟೇ: ನೋವಾದವನು ಮರ್ಯಾದೆಯಿಂದ ಎದ್ದು ಹೋಗುತ್ತಾನೆ, ಉಳಿದವರು ಆ ಮರ್ಯಾದೆಯನ್ನೇ 'ಅವನೇ ಬಿಟ್ಟು ಹೋದ' ಎಂದು ಓದಿಕೊಳ್ಳುತ್ತಾರೆ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಕ್ಲಬ್ಬುಗಳಿಂದ ಹೊರಬಿದ್ದವರು ಯಹೂದಿಗಳದೇ ಸಂಘಗಳಲ್ಲಿ ಆಡಿದರು, ಹಿರ್ಷ್ ಕಾರ್ಲ್ಸ್‌ರೂಹೆಯಲ್ಲಿ ಅಂಥದ್ದೊಂದಕ್ಕೆ ತರಬೇತುದಾರನಾದ. 1938ರ ನವೆಂಬರ್ ದಾಳಿಗಳ ನಂತರ ಆ ಸಂಘಗಳೂ ಮುಚ್ಚಿದವು. ಕುಟುಂಬದ ವ್ಯಾಪಾರ ದಿವಾಳಿಯಾಗಿತ್ತು. ಮನಸ್ಸು ಕುಸಿದು ಒಮ್ಮೆ ಸಾಯಲೂ ಯತ್ನಿಸಿದ. ಅವನ ಹೆಂಡತಿ ಯಹೂದಿಯಲ್ಲ. ಹೆಂಡತಿ ಮಕ್ಕಳಾದರೂ ಉಳಿಯಲಿ ಎಂದು ವಿಚ್ಛೇದನ ಮಾಡಿಕೊಂಡ. ಅಂಥ ಮದುವೆ ಅವನಿಗೂ ಅಷ್ಟಿಷ್ಟು ರಕ್ಷಣೆಯಾಗಿತ್ತು, ಅದೂ ಹೋಯಿತು. 1943ರ ಮಾರ್ಚ್ 1ರಂದು ಕಾರ್ಲ್ಸ್‌ರೂಹೆಯಿಂದ ರೈಲು ಹತ್ತಿಸಿದರು. ದಾರಿಯಿಂದ ಮಗಳ ಹುಟ್ಟುಹಬ್ಬಕ್ಕೆ ಬರೆದ ಒಂದು ಕಾರ್ಡು ಮನೆ ತಲುಪಿತು. ಅದರ ಮೇಲೆ ಡಾರ್ಟ್‌ಮುಂಡ್‌ನ ಮಾರ್ಚ್ 3ರ ಅಂಚೆ ಮುದ್ರೆಯಿದೆ. ರೈಲು ಹೋದದ್ದು ಆಶ್ವಿಟ್ಜ್‌ಗೆ. ಅಲ್ಲಿಂದ ಅವನ ಸುದ್ದಿ ಬರಲಿಲ್ಲ. 1945ರ ಫೆಬ್ರವರಿಯಲ್ಲಿ ಮಗ ಮತ್ತು ಮಗಳನ್ನೂ ಟೆರೇಜಿನ್‌ಷ್ಟಾಟ್ ಶಿಬಿರಕ್ಕೆ ಒಯ್ದರು. ಯುದ್ಧ ಮುಗಿದದ್ದರಿಂದ ಅವರಿಬ್ಬರೂ ಬದುಕಿ ಬಂದರು.

ಫುಕ್ಸ್ 1937ರಲ್ಲಿ ದೇಶ ಬಿಟ್ಟಿದ್ದ. ಕೊನೆಗೆ ಕೆನಡಾದ ಮಾಂಟ್ರಿಯಲ್ ಸೇರಿ, ಹೆಸರನ್ನು ಗಾಡ್‌ಫ್ರೀ ಫಾಕ್ಸ್ ಎಂದು ಬದಲಿಸಿಕೊಂಡ. ಬೆನ್ಸೆಮನ್ 1933ರಲ್ಲೇ ತಾನು ಕಟ್ಟಿದ ಕಿಕರ್ ಬಿಟ್ಟು ಸ್ವಿಟ್ಜರ್‌ಲೆಂಡ್‌ಗೆ ಹೋಗಿ, ಮರುವರ್ಷ ಅಲ್ಲೇ ತೀರಿಕೊಂಡ. 1939ರಲ್ಲಿ ಅದೇ ಕಿಕರ್ ಜರ್ಮನಿಯ ರಾಷ್ಟ್ರೀಯ ಆಟಗಾರರೆಲ್ಲರ ಚಿತ್ರಗಳ ಆಲ್ಬಂ ಹೊರತಂದಿತು. ಅದರಲ್ಲಿ ಇಬ್ಬರು ಮಾತ್ರ ಇರಲಿಲ್ಲ: ಫುಕ್ಸ್ ಮತ್ತು ಹಿರ್ಷ್. ಯಹೂದಿಯೊಬ್ಬ ಕಟ್ಟಿದ ಪತ್ರಿಕೆ, ಯಹೂದಿಯೊಬ್ಬ ಕಟ್ಟಿದ ಕ್ಲಬ್ಬಿನ ಇಬ್ಬರು ಯಹೂದಿಗಳನ್ನು ಹೀಗೆ ಇಲ್ಲದಂತೆ ಮಾಡಿತು.

ನಾಜಿಗಳು ಸೋತ ಮೇಲಾದರೂ ಈ ಹೆಸರುಗಳು ತಕ್ಷಣ ವಾಪಸು ಬಂದಿರಬೇಕು ಎಂದು ನಾವು ಊಹಿಸುತ್ತೇವೆ. ಹಾಗಾಗಲಿಲ್ಲ. 1972ರಲ್ಲಿ ಮ್ಯೂನಿಕ್‌ನ ಹೊಸ ಒಲಿಂಪಿಕ್ ಕ್ರೀಡಾಂಗಣದಲ್ಲಿ ಮೊದಲ ಫುಟ್‌ಬಾಲ್ ಪಂದ್ಯ ಸೋವಿಯತ್ ಒಕ್ಕೂಟದ ಎದುರು ನಡೆಯಲಿತ್ತು. ಜರ್ಮನಿಗೆ 1954ರ ವಿಶ್ವಕಪ್ ಗೆದ್ದುಕೊಟ್ಟ ತರಬೇತುದಾರ ಸೆಪ್ ಹರ್ಬರ್ಗರ್‌ಗೆ ಬಾಲ್ಯದಿಂದಲೂ ಫುಕ್ಸ್ ಎಂದರೆ ಆರಾಧನೆ. ಹರ್ಬರ್ಗರ್ ತಾನೇನು ನಿಷ್ಕಳಂಕನಲ್ಲ. 1933ರಲ್ಲೇ ನಾಜಿ ಪಕ್ಷ ಸೇರಿದ್ದವನು, 1936ರಿಂದ ಆ ಸರ್ಕಾರದ ರಾಷ್ಟ್ರೀಯ ತಂಡವನ್ನು ನಡೆಸಿದವನು. ಆದರೂ ಮುಪ್ಪಿನಲ್ಲಿ ಅವನೇ ಫುಟ್‌ಬಾಲ್ ಸಂಸ್ಥೆಗೆ ಬರೆದು, ಈ ಪಂದ್ಯಕ್ಕೆ ಫುಕ್ಸ್‌ನನ್ನು ಅತಿಥಿಯಾಗಿ ಕರೆಸೋಣ ಎಂದು ಕೇಳಿದ. ಹೀಗೆ ಕರೆಸುವ ಪದ್ಧತಿಯಿಲ್ಲ, ಖರ್ಚಿನ ವಿಷಯವೂ ಇದೆ ಎಂದು ಸಂಸ್ಥೆ ಒಪ್ಪಲಿಲ್ಲ. ಆ ತೀರ್ಮಾನ ಆಗುವ ಹೊತ್ತಿಗೆ ಫುಕ್ಸ್ ಮಾಂಟ್ರಿಯಲ್‌ನಲ್ಲಿ ತೀರಿಕೊಂಡಿದ್ದ. 1933ರಲ್ಲಿ ಹೆಸರು ಹೊಡೆದು ಹಾಕಿದ್ದು ಒಂದೇ ವಾರದಲ್ಲಿ. ವಾಪಸು ಬರೆಯಲು ಮೂವತ್ತೊಂಬತ್ತು ವರ್ಷದ ಮೇಲೂ ಒಂದು ವಿಮಾನದ ಟಿಕೆಟ್ ಭಾರವಾಯಿತು.

ಹಳೆಯ ಜರ್ಮನಿಯ ಕತೆ ಇದು, ಈಗೇಕೆ ಎಂದು ಕೇಳುವವರಿಗೆ ಇಂದಿನ ಸ್ಟೇಡಿಯಂಗಳನ್ನು ತೋರಿಸಬೇಕು. ಹಿರ್ಷ್ ನಾಲ್ಕು ಗೋಲು ಹೊಡೆದ ನೆದರ್‌ಲೆಂಡ್ಸ್‌ನಲ್ಲೇ ನೋಡಿ. ಯುದ್ಧಕ್ಕೆ ಮೊದಲು ಆಮ್‌ಸ್ಟರ್‌ಡಾಮ್‌ನ ಅಯಾಕ್ಸ್ ಕ್ಲಬ್ಬಿಗೆ ಯಹೂದಿ ಅಭಿಮಾನಿಗಳು ಬಹಳ. ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಎಡ್ಡಿ ಹಾಮೆಲ್ ಅಲ್ಲಿ 1920ರ ದಶಕದ ಮೆಚ್ಚಿನ ಆಟಗಾರ, ಅವನೂ 1943ರಲ್ಲಿ ಆಶ್ವಿಟ್ಜ್‌ನಲ್ಲೇ ಕೊಲೆಯಾದ. ಆ ದೇಶದ ಯಹೂದಿಗಳಲ್ಲಿ ನಾಲ್ವರಲ್ಲಿ ಮೂವರು ಉಳಿಯಲಿಲ್ಲ. ಮುಂದೆ ಎದುರಾಳಿ ಅಭಿಮಾನಿಗಳು ಅಯಾಕ್ಸ್‌ನವರನ್ನು 'ಯಹೂದಿಗಳು' ಎಂದು ಹಂಗಿಸತೊಡಗಿದರು. ಆ ಕ್ಲಬ್ಬಿನ ಪಂದ್ಯವೊಂದರ ವಿಡಿಯೊ ಮೊದಲ ಸಲ ನೋಡಿದಾಗ 'ಸ್...' ಎಂಬ ಉದ್ದನೆಯ ಸದ್ದು ಕೇಳಿ ಮೈಕಿನ ತೊಂದರೆ ಎಂದುಕೊಂಡಿದ್ದೆ. ಅದು ನೂರಾರು ಜನ ಒಟ್ಟಿಗೆ ಬಾಯಲ್ಲಿ ಮಾಡುವ ಸದ್ದು. ಗ್ಯಾಸ್ ಬಿಡುವ ಸದ್ದಿನ ಅಣಕ. ತಿಳಿದ ಮೇಲೆ ಆ ವಿಡಿಯೊ ಮತ್ತೆ ನೋಡಲಾಗಲಿಲ್ಲ.

ಹಂಗಿಸಿಕೊಂಡವರು ಏನು ಮಾಡಿದರು ಎಂಬುದೂ ಸರಳವಲ್ಲ. ಯಹೂದಿಗಳೇ ಅಲ್ಲದ ಅಯಾಕ್ಸ್ ಅಭಿಮಾನಿಗಳು ಆ ಹೆಸರನ್ನು ತಾವೇ ಎತ್ತಿಕೊಂಡು, ಆರು ಮೂಲೆಯ ನಕ್ಷತ್ರದ ಧ್ವಜ ಬೀಸಿದರು. ಲಂಡನ್‌ನ ಟಾಟನ್‌ಹ್ಯಾಮ್‌ನಲ್ಲೂ ಹೀಗೇ. 1930ರ ದಶಕದಲ್ಲಿ ಪೂರ್ವ ಲಂಡನ್ನಿನ ಬೀದಿಗಳಲ್ಲಿ ಮೋಸ್ಲಿಯ ಫ್ಯಾಸಿಸ್ಟರು ಯಹೂದಿಗಳ ಮೇಲೆ ಎಸೆಯುತ್ತಿದ್ದ 'ಯಿಡ್' ಎಂಬ ಬೈಗುಳವನ್ನು ಟಾಟನ್‌ಹ್ಯಾಮ್ ಅಭಿಮಾನಿಗಳು ಬಿರುದಿನಂತೆ ಹೊತ್ತರು. ಬೈಗುಳದ ಹಲ್ಲು ಕಿತ್ತೆವು ಎಂಬುದು ಅವರ ವಾದ. ಅದು ನಿಮ್ಮದಾಗಿದ್ದರೆ ಕೀಳಬಹುದಿತ್ತು, ನಮ್ಮ ಗಾಯದ ಹೆಸರು ನಿಮ್ಮ ಹಾಡಾಗಬಾರದು ಎಂಬುದು ಅನೇಕ ಯಹೂದಿಗಳ ಉತ್ತರ. 2022ರಲ್ಲಿ ಕ್ಲಬ್ಬೇ ಆ ಪದ ಬಿಟ್ಟು ಮುಂದೆ ಹೋಗೋಣ ಎಂದು ಅಭಿಮಾನಿಗಳನ್ನು ಕೇಳಿಕೊಂಡಿತು. ನಮ್ಮ ಭಾನುವಾರದ ಗುಂಪಿನಲ್ಲೂ ಒಬ್ಬ ಟಾಟನ್‌ಹ್ಯಾಮ್ ಭಕ್ತನಿದ್ದಾನೆ. ಪಂದ್ಯದ ರಾತ್ರಿ ಆ ಪದವನ್ನೇ ಸ್ಟೇಟಸ್ ಹಾಕುತ್ತಿದ್ದ. ಅರ್ಥ ಕೇಳಿದರೆ "ನಮ್ಮ ಟೀಮಿನ ಹೆಸರು ಕಣೋ" ಎಂದ. ಅವನ ಮೇಲೆ ಸಿಟ್ಟಾಗಲು ನನಗೆ ಬಾಯಿರಲಿಲ್ಲ. 'ಮೋಮೋ' ಎಂದರೇನು ಎಂದು ಕೇಳಿದ್ದರೆ ನಾನೂ ಇದೇ ಉತ್ತರ ಕೊಡುತ್ತಿದ್ದೆನಲ್ಲವೇ?

ದಂಡ ಹಾಕಿದರೆ ಇದೆಲ್ಲ ನಿಲ್ಲುತ್ತದೆ ಎನ್ನುವವರಿಗೆ ರೋಮ್‌ನ ಒಂದು ಪ್ರಸಂಗವಿದೆ. 2017ರಲ್ಲಿ ಲಾಜಿಯೊ ಅಭಿಮಾನಿಗಳು ಕಪ್ಪು ಆಟಗಾರರನ್ನು ಹೀಯಾಳಿಸಿದ್ದಕ್ಕೆ ಅವರು ಕೂರುವ ಉತ್ತರದ ಸ್ಟ್ಯಾಂಡ್ ಮುಚ್ಚಲಾಯಿತು. ಕ್ಲಬ್ ಅವರಿಗೆ ದಕ್ಷಿಣದ ಸ್ಟ್ಯಾಂಡ್ ತೆರೆದುಕೊಟ್ಟಿತು. ಅದು ಎದುರಾಳಿ ರೋಮಾ ಅಭಿಮಾನಿಗಳ ಜಾಗ. ಅಲ್ಲಿ ಕೆಲವರು ರೋಮಾ ಅಂಗಿ ತೊಟ್ಟ ಆನ್ ಫ್ರಾಂಕ್‌ಳ ಚಿತ್ರ ಅಂಟಿಸಿ ಹೋದರು. ಹದಿನೈದು ವರ್ಷಕ್ಕೆ ಶಿಬಿರದಲ್ಲಿ ಸತ್ತ ಹುಡುಗಿ ಅವರ ಕಣ್ಣಿಗೆ ಒಂದು ಬೈಗುಳ ಅಷ್ಟೇ. ಒಂದು ದ್ವೇಷಕ್ಕೆ ಕೊಟ್ಟ ಶಿಕ್ಷೆ ಇನ್ನೊಂದು ದ್ವೇಷಕ್ಕೆ ಕುರ್ಚಿ ಹಾಕಿಕೊಟ್ಟಿತ್ತು. ಆಮೇಲೆ ಕ್ಲಬ್ಬಿಗೆ ದಂಡವಾಯಿತು, ಇಟಲಿಯ ಮೈದಾನಗಳಲ್ಲಿ ಅವಳ ದಿನಚರಿಯ ಭಾಗ ಓದಿಸಿದರು.

ಹಾಗಾದರೆ ಯಾವುದರಿಂದ ಬದಲಾಗುತ್ತದೆ? ನನಗೆ ಕಂಡದ್ದು ಬಾಯರ್ನ್ ಮ್ಯೂನಿಕ್‌ನ ಉದಾಹರಣೆ. 1932ರಲ್ಲಿ ಆ ಕ್ಲಬ್ ಮೊದಲ ಸಲ ಚಾಂಪಿಯನ್ ಆದಾಗ ಅಧ್ಯಕ್ಷನಾಗಿದ್ದವನು ಕುರ್ಟ್ ಲಾಂಡಾವರ್, ಯಹೂದಿ. 1933ರ ಮಾರ್ಚ್‌ನಲ್ಲಿ ಸ್ಥಾನ ಬಿಟ್ಟ, 1938ರಲ್ಲಿ ಡಾಖಾವ್ ಶಿಬಿರ ಕಂಡ, ಮರುವರ್ಷ ಸ್ವಿಟ್ಜರ್‌ಲೆಂಡ್‌ಗೆ ತಪ್ಪಿಸಿಕೊಂಡ. ಅವನ ಒಡಹುಟ್ಟಿದವರಲ್ಲಿ ನಾಲ್ವರನ್ನು ನಾಜಿಗಳು ಕೊಂದರು. ಹಾಗಿದ್ದೂ 1947ರಲ್ಲಿ ಮ್ಯೂನಿಕ್‌ಗೆ ವಾಪಸು ಬಂದು ಮತ್ತೆ ಅದೇ ಕ್ಲಬ್ಬಿನ ಅಧ್ಯಕ್ಷನಾದ. ಮುಂದೆ ಕ್ಲಬ್ ಅವನನ್ನು ದಶಕಗಟ್ಟಲೆ ಮರೆಯಿತು. ಅವನ ಹೆಸರನ್ನು ಮತ್ತೆ ಸ್ಟೇಡಿಯಂಗೆ ತಂದವರು ಗೋಲಿನ ಹಿಂದೆ ನಿಂತು ಕೂಗುವ ಸಾಮಾನ್ಯ ಅಭಿಮಾನಿಗಳು. ಅವನ ದೊಡ್ಡ ಚಿತ್ರ ಬರೆದು ಹಿಡಿದರು, ಕ್ಲಬ್ಬನ್ನು ಬಿಡದೆ ಕಾಡಿದರು. 2013ರಲ್ಲಿ ಲಾಂಡಾವರ್ ಗೌರವಾಧ್ಯಕ್ಷನಾದ. ಮರುವರ್ಷ ಆ ಅಭಿಮಾನಿಗಳ ಗುಂಪಿಗೆ ಜರ್ಮನ್ ಫುಟ್‌ಬಾಲ್ ಸಂಸ್ಥೆ ಒಂದು ಪ್ರಶಸ್ತಿ ಕೊಟ್ಟಿತು. ಭೇದಭಾವದ ವಿರುದ್ಧ ಕೆಲಸ ಮಾಡುವವರಿಗೆಂದು 2005ರಿಂದ ಕೊಡುತ್ತಿರುವ ಆ ಪ್ರಶಸ್ತಿಯ ಹೆಸರು ಯೂಲಿಯಸ್ ಹಿರ್ಷ್ ಪ್ರಶಸ್ತಿ.

1933ರಲ್ಲಿ ಹೆಸರು ಹೊಡೆದವರೂ ಕ್ಲಬ್ಬಿನವರೇ, ಎಷ್ಟೋ ಕಾಲದ ಮೇಲೆ ಅದನ್ನು ವಾಪಸು ಬರೆಸಿದವರೂ ಕ್ಲಬ್ಬಿನವರೇ. ಕಾನೂನು, ಸರ್ಕಾರ, ದಂಡ ಇವೆಲ್ಲ ಎರಡೂ ಸಲ ಆಚೀಚೆ ಇದ್ದವು. ಪೆನ್ನು ಮಾತ್ರ ಪಟ್ಟಿ ಬರೆಯುವವರ ಕೈಯಲ್ಲಿತ್ತು. ಶನಿವಾರ ರಾತ್ರಿ ನಮ್ಮ ಪಟ್ಟಿ ಬರೆಯುವವರಲ್ಲಿ ನಾನೂ ಒಬ್ಬ.

ಕಳೆದ ತಿಂಗಳು ಇಂಫಾಲದ ಹುಡುಗನ ನಂಬರಿಗೆ ಮೆಸೇಜು ಹಾಕಿದೆ. ನಾವು ಕರೆಯುತ್ತಿದ್ದ ರೀತಿ ತಪ್ಪು, ಅವತ್ತು ನಕ್ಕಿದ್ದೂ ತಪ್ಪು, ಗುಂಪಿನಲ್ಲೂ ಇದನ್ನು ಹೇಳಿದ್ದೇನೆ ಎಂದು ಬರೆದೆ. ಗುಂಪಿನಲ್ಲಿ ಹೇಳಿದ್ದಕ್ಕೆ ಇಬ್ಬರು ಹೌದೆಂದರು, ಒಬ್ಬ ಇಷ್ಟಕ್ಕೆಲ್ಲ ಭಾಷಣವೇ ಎಂದ, ಉಳಿದವರು ಸುಮ್ಮನಿದ್ದರು. ಅವನ ಉತ್ತರ ಮರುದಿನ ಬಂತು. ಈಗ ಬೇರೆ ಊರಿನಲ್ಲಿ ಕೆಲಸವಂತೆ, ಅಲ್ಲೊಂದು ಟೀಮು ಸಿಕ್ಕಿದೆಯಂತೆ. "ಪರವಾಗಿಲ್ಲ ಭಯ್ಯಾ, ಬಿಡಿ" ಎಂದು ಬರೆದಿದ್ದ. ಈ ಸಲವೂ ಎರಡೇ ಸಾಲು, ಈ ಸಲವೂ ಅಷ್ಟೇ ಮರ್ಯಾದೆ. ಅದನ್ನು ಕ್ಷಮೆ ಎಂದು ಓದಿಕೊಳ್ಳುವ ಆಸೆಯಾಗುತ್ತದೆ. ಹಿರ್ಷ್‌ನ ಪತ್ರ ನೆನಪಾಗಿ ಸುಮ್ಮನಾಗುತ್ತೇನೆ.